ತಾಳ್ಮೆ ಬೇಕೆ? ಚಿಕ್ಕೋಡಿಗೆ ಬನ್ನಿ

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಮಹನೀಯರಿಗೆ ನಿಪ್ಪಾಣಿಯ ಒಬ್ಬ ಹಳೆಯ ಫುಟ್‌ಬಾಲ್ ಹುಚ್ಚನ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ತಂಡದ ಕ್ಷೇಮ ಸಮಾಚಾರ ಪೇಪರಿನಲ್ಲಿ ಓದಿ ತಿಳಿಯುತ್ತಿದೆ.

ತಂಡ ಸೋತಾಗಲೆಲ್ಲ ಅಭಿಮಾನಿಗಳಿಗೆ ತಾಳ್ಮೆ ಇರಬೇಕು ಎಂಬ ಉಪದೇಶ ಬರುತ್ತದೆ. ಆ ಸರಕು ನಮ್ಮಲ್ಲಿ ಹೇರಳವಾಗಿದೆ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ನಮ್ಮ ನೆರೆಯ ಚಿಕ್ಕೋಡಿಯನ್ನು ಜಿಲ್ಲೆಯೆಂದು ಘೋಷಿಸಿತು, ಬೆನ್ನಿಗೇ ಹಿಂದಕ್ಕೂ ಪಡೆಯಿತು. ಇವತ್ತಿಗೂ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಚಿಕ್ಕೋಡಿ ಒಂದು ಜಿಲ್ಲೆ, ಉಳಿದ ದಿನ ತಾಲ್ಲೂಕು. ನಿಪ್ಪಾಣಿ ಮತ್ತು ಕಾಗವಾಡಗಳನ್ನು 2013ರಲ್ಲಿ ತಾಲ್ಲೂಕು ಎಂದರು, ಕಚೇರಿಯ ಬೋರ್ಡು ಕಾಣಲು 2018 ಬರಬೇಕಾಯಿತು. ರಾಯಬಾಗ ತಾಲ್ಲೂಕಿನವರು ಬಾಗಲಕೋಟೆ–ಕುಡಚಿ ರೈಲು ಮಾರ್ಗಕ್ಕೆ 2010ರಿಂದ ಕಾಯುತ್ತಿದ್ದಾರೆ. ಕೇಳಿದರೆ ‘ಆಗತೈತಿ, ತಡೀರಿ’ ಎನ್ನುವುದೇ ಉತ್ತರ. ತಾಳಿದವನು ಬಾಳಿಯಾನು ಅಂದ ಹಿರಿಯರು, ಎಷ್ಟನೇ ವಯಸ್ಸಿನಲ್ಲಿ ಅಂತ ಹೇಳದೆ ಹೋದರು.

ಇಷ್ಟು ತರಬೇತಾದವನನ್ನೂ ತಬ್ಬಿಬ್ಬು ಮಾಡಿದ್ದು 2023ರ ಜನವರಿಯಲ್ಲಿ ತಾವು ಹೊರತಂದ ‘ವಿಷನ್ 2047’. 2047ರ ಹೊತ್ತಿಗೆ ಭಾರತ ಏಷ್ಯಾದ ಮೊದಲ ನಾಲ್ಕು ತಂಡಗಳಲ್ಲಿ ಒಂದಾಗಬೇಕಂತೆ. ಸಂತೋಷ. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾವು ನಾಲ್ಕನೆಯವರಾಗಿದ್ದೆವು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿದ್ದೆವು. ಎರಡೂ ಸಲ ಕೋಚ್ ಸೈಯದ್ ಅಬ್ದುಲ್ ರಹೀಮ್. ಅಂದರೆ ಮೊದಲನೆಯ ಸ್ಥಾನದಿಂದ ಹೊರಟು ನಾಲ್ಕನೆಯದನ್ನು ಮುಟ್ಟಲು 85 ವರ್ಷದ ಯೋಜನೆ! ನಮ್ಮ ರೈಲ್ವೆಯವರಿಗೂ ಇಂಥದ್ದು ಹೊಳೆದಿರಲಿಲ್ಲ.

ನಾನು ಫುಟ್‌ಬಾಲ್ ನೋಡಲು ಕಲಿತದ್ದು ನಮ್ಮೂರಿಗೆ ತಾಸಿನ ಹಾದಿಯ ಕೊಲ್ಹಾಪುರದಲ್ಲಿ, ಶಾಹು ಸ್ಟೇಡಿಯಮ್ಮಿನಲ್ಲಿ. ಅಲ್ಲಿನ ತಂಡಗಳ ಹೆಸರು ಕೇಳಿದರೆ ಕುಸ್ತಿ ಅಖಾಡವೇ ನೆನಪಾಗಬೇಕು: ಪಾಟಾಕಡೀಲ ತಾಲೀಮ್, ದಿಲ್‌ಬಹಾರ್ ತಾಲೀಮ್, ಬಾಲಗೋಪಾಲ ತಾಲೀಮ್. ಒಂದೊಂದು ತಂಡಕ್ಕೂ ಒಂದೊಂದು ಪೇಟೆ. ಯಾವ ಪೇಟೆಯಲ್ಲಿ ಹುಟ್ಟಿದೆಯೋ ಆ ತಂಡ ನಿನ್ನದು, ಸಾಯುವ ತನಕ. ತಂಡ ಬದಲಿಸುವುದೆಂದರೆ ಮನೆತನ ಬದಲಿಸಿದ ಹಾಗೆ. ಆದರೆ ಆ ನಿಷ್ಠೆಯನ್ನು ತಾಳ್ಮೆ ಅಂತ ತಿಳಿದೀರಿ, ಹುಷಾರು! ಖಾಲಿ ಗೋಲಿನ ಮುಂದೆ ಚೆಂಡನ್ನು ಆಕಾಶಕ್ಕೆ ಒದ್ದ ಹುಡುಗನಿಗೆ ಮರುದಿನ ತರಕಾರಿ ಮಾರುವ ಮಾವಶಿಯೂ ಲೆಕ್ಕ ಕೇಳುತ್ತಾಳೆ. ಲೆಕ್ಕ ಕೇಳಿದವಳೇ ಮುಂದಿನ ಪಂದ್ಯಕ್ಕೆ ಅವನ ಹೆಸರು ಕೂಗಿ ಹುರಿದುಂಬಿಸುತ್ತಾಳೆ. ಬೈಯುವುದಕ್ಕೂ ಬಿಡದೆ ಇರುವುದಕ್ಕೂ ಅಲ್ಲಿ ಜಗಳವೇ ಇಲ್ಲ. 2017ರ 17 ವರ್ಷದೊಳಗಿನವರ ವಿಶ್ವಕಪ್‌ಗೆ ಭಾರತದ ತಂಡದಲ್ಲಿ ಆಡಿದ ಅನಿಕೇತ್ ಜಾಧವ್ ಆ ಊರಿನ ಹುಡುಗ.

ಕಾದದ್ದಕ್ಕೆ ಫಲ ಸಿಗಲಿಲ್ಲವೆಂದು ಹೇಳಲಾರೆ. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಸಂತೋಷ್ ಟ್ರೋಫಿ ಗೆದ್ದ ರಾಜ್ಯ, ಕರ್ನಾಟಕವೆಂಬ ಹೆಸರಿನಲ್ಲಿ ಅದನ್ನು ಎತ್ತಿದ್ದು 2023ರ ಮಾರ್ಚ್‌ನಲ್ಲಿ, ಅದೂ ಸೌದಿಯ ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3–2ರಿಂದ. 54 ವರ್ಷ! ಇನ್ನೊಂದು ಕಡೆ ಬೆಂಗಳೂರು ಎಫ್‌ಸಿ, 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿನಲ್ಲೇ ಐ–ಲೀಗ್ ಗೆದ್ದು ಅಭಿಮಾನಿಗಳ ಅಭ್ಯಾಸ ಕೆಡಿಸಿತು. ಅದೇ ತಂಡ 2023–24ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 12ರಲ್ಲಿ ಹತ್ತನೆಯದಾಗಿ, ಮರುವರ್ಷವೇ ಕೋಲ್ಕತ್ತದ ಫೈನಲ್ಲಿನಲ್ಲಿ ಹೆಚ್ಚುವರಿ ಸಮಯದ ತನಕ ಆಡಿ ಮೋಹನ್ ಬಾಗಾನ್‌ಗೆ ಸೋತಿತು. ಸೋತರೂ ಆ ರಾತ್ರಿ ನನಗೆ ಸಿಟ್ಟು ಬರಲಿಲ್ಲ. ಅವರು ಗೆಲ್ಲಲೆಂದೇ ಆಡಿದ್ದು ಕಾಣುತ್ತಿತ್ತು.

ಸಿಟ್ಟು ಬರುವುದು ತಮ್ಮ ಮೇಲೆ. 2024ರಲ್ಲಿ ಭಾರತದ ಪುರುಷರ ತಂಡ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. ಜೂನ್‌ನಲ್ಲಿ ಬೀಳ್ಕೊಟ್ಟ ಸುನಿಲ್ ಚೆಟ್ರಿಯವರನ್ನು ಮುಂದಿನ ಮಾರ್ಚ್‌ನಲ್ಲಿ, 40ರ ವಯಸ್ಸಿನಲ್ಲಿ, ಮತ್ತೆ ಕರೆತರಬೇಕಾಯಿತು. 2025ರ ಜುಲೈಯಲ್ಲಿ, ತಮ್ಮೊಂದಿಗಿನ ಕರಾರು ನವೀಕರಣವಾಗಲಿಲ್ಲವೆಂದು ಸಂಘಟಕರು ಐಎಸ್‌ಎಲ್ ಅನ್ನೇ ತಡೆಹಿಡಿದರು. ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಾಪುರಕ್ಕೆ 1–2ರಿಂದ ಸೋತು 2027ರ ಏಷ್ಯನ್ ಕಪ್‌ನಿಂದಲೂ ಹೊರಬಿದ್ದೆವು. ಅಥಣಿಯ ನನ್ನ ಅಳಿಯ, ಕ್ರಿಕೆಟ್ಟಿನವನು, ಫೋನು ಮಾಡಿ, ‘ಮಾವಾರ, ಈ ಸಲಾನೂ ಹೋತಂತಲ್ರಿ’ ಅಂದ. ಅವನ ದನಿಯಲ್ಲಿ ಅಣಕವಿರಲಿಲ್ಲ. ಬರೀ ಅನುಕಂಪ. ಅಣಕವಾದರೆ ತಡೆದುಕೊಳ್ಳಬಹುದಿತ್ತು.

ಆದ್ದರಿಂದ ನನ್ನ ಬಿನ್ನಹ ಸಣ್ಣದು. ತಾಳ್ಮೆಯನ್ನು ದಯವಿಟ್ಟು ಕೇಳಬೇಡಿ, ಅದು ನಾವಾಗಿ ಕೊಡುವಂಥದ್ದು, ಕೊಡುತ್ತಲೂ ಬಂದಿದ್ದೇವೆ. ಬೆಂಗಳೂರಿನ ಕಂಠೀರವ ಸ್ಟೇಡಿಯಮ್ಮಿಗೆ ಇಲ್ಲಿಂದ ಒಂದು ಇಡೀ ರಾತ್ರಿಯ ಬಸ್ಸು. ಲೀಗಿನ ವೇಳಾಪಟ್ಟಿ ಪ್ರತಿವರ್ಷ ಹೊತ್ತಿಗೆ ಸರಿಯಾಗಿ ಬಂದರೆ ಸೀಟು ಹಿಡಿಯಲು ಅನುಕೂಲ. ಮತ್ತೆ ಆ ‘ವಿಷನ್’ ಪುಸ್ತಕದಲ್ಲಿ 2047 ಎಂಬ ಇಸವಿಯನ್ನು ಬೇಕಾದರೆ ಹಾಗೇ ಬಿಡಿ, ‘ಮೊದಲ ನಾಲ್ಕು’ ಅನ್ನುವುದನ್ನು ಮಾತ್ರ ಹೊಡೆದುಹಾಕಿ ‘ಮೊದಲನೆಯದು’ ಎಂದು ತಿದ್ದಿಕೊಳ್ಳಿ.

ಇಂತಿ ತಮ್ಮ ವಿಧೇಯ,
ನಿಪ್ಪಾಣಿಯ ಒಬ್ಬ ಅಭಿಮಾನಿ