ಕ್ಲೇಮು ಪಾಸಾದ ಮೇಲೆ

ಸೂಪರ್‌ಹೀರೋ ಸಿನಿಮಾ ಬಿಟ್ಟು ಜನ ಎಸ್ಕಲೇಟರ್ ಕಡೆ ಹೊರಟಾಗ, ಇನ್ನೂ ಮೂಗೊರೆಸಿಕೊಳ್ಳುತ್ತಿರುವ ಹುಡುಗರಿಗೆ ಕೇಳಿಸುವಷ್ಟು ಗಟ್ಟಿಯಾಗಿ “ಇದೆಲ್ಲ ಆಗೋಹೋಗೋ ಮಾತಲ್ಲ ಕಣ್ರೀ” ಎನ್ನುವವರೊಬ್ಬರು ಎಲ್ಲ ಮಲ್ಟಿಪ್ಲೆಕ್ಸಿನಲ್ಲೂ ಇರುತ್ತಾರೆ. ಎ.ಸಿ.ಗೆ ಹೆದರಿ ಅರ್ಧ ತೋಳಿನ ಸ್ವೆಟರು ಹಾಕಿಕೊಂಡು, ಕಿವಿಗೆ ಮಫ್ಲರು ಸುತ್ತಿಕೊಂಡು ಬಂದಿರುತ್ತಾರೆ. ಇವರಲ್ಲೂ ಪಂಗಡಗಳುಂಟು. ಭೌತಶಾಸ್ತ್ರದ ಮೇಷ್ಟರ ಪಂಗಡ ಗುರುತ್ವಾಕರ್ಷಣೆಯನ್ನು ಹಿಡಿದುಕೊಂಡು ಕೂರುತ್ತದೆ. ಹಳೆಯ ಸಿನಿಮಾದ ಪಂಗಡಕ್ಕೆ ಹಾಡಿಲ್ಲದ್ದು ಸಿನಿಮಾವೇ ಅಲ್ಲ. ಇವೆರಡನ್ನೂ ಹೇಗೋ ಸಹಿಸಬಹುದು. ಕಷ್ಟವೆಲ್ಲ ಲೆಕ್ಕ ಕೇಳುವ ಮೂರನೆಯ ಪಂಗಡದ್ದು. ಅದರ ಶಿಖರಪ್ರಾಯರು ನಮ್ಮ ಬೀದಿಯ ಕ್ಲೇಮು ರಾಯರು.

ಒಂದು ವಿಮಾ ಕಂಪನಿಯ ಡೆತ್ ಕ್ಲೇಮು ವಿಭಾಗದಲ್ಲಿ ಗುಮಾಸ್ತರಾಗಿ ಸೇರಿ, ಅದೇ ವಿಭಾಗದ ಅಧಿಕಾರಿಯಾಗಿ ನಿವೃತ್ತರಾದವರು. ಹೆಸರು ಬೇರೆಯೇ ಇದೆ, ಯಾರಿಗೂ ನೆನಪಿಲ್ಲ. ಮನುಷ್ಯ ಹಾರುವುದರ ಬಗ್ಗೆ ರಾಯರಿಗೆ ಎಳ್ಳಷ್ಟೂ ತಕರಾರಿಲ್ಲ. “ಹಾರ್ಲಿ ಬಿಡ್ರೀ, ಹನುಮಂತ ಹಾರ್ಲಿಲ್ವೆ?” ಜೇಡ ಕಚ್ಚಿದ ಹುಡುಗ ಗೋಡೆ ಹತ್ತಿದರೆ ಹತ್ತಲಿ, ಬಿಲ್ಲುಗಾರ ರಾಕೆಟ್ಟುಗಳ ನಡುವೆ ಬಾಣ ಬಿಟ್ಟುಕೊಂಡಿದ್ದರೆ ಇರಲಿ. ಅವರದು ಒಂದೇ ಹಟ: ಮೊದಲ ಭಾಗದಲ್ಲಿ ಸತ್ತವನು ಎರಡನೆಯ ಭಾಗದಲ್ಲೂ ಸತ್ತೇ ಇರಬೇಕು.

ಈ ಹಟಕ್ಕೆ ಒಂದು ಚರಿತ್ರೆಯಿದೆ. ರಾಯರ ಸರ್ವೀಸಿನ ಮಧ್ಯಕಾಲದಲ್ಲಿ ಹಳ್ಳಿಯೊಂದರ ಮನುಷ್ಯ ಹೇಳದೆ ಕೇಳದೆ ಮನೆ ಬಿಟ್ಟು ಹೋದ. ಆಗ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನ ಪ್ರಕಾರ ಏಳು ವರ್ಷ ಸುದ್ದಿಯೇ ಇಲ್ಲದವನನ್ನು ಸತ್ತವನೆಂದು ಭಾವಿಸಬಹುದಿತ್ತು. ಏಳು ವರ್ಷ ಕಾದು, ಕೋರ್ಟಿನ ಕಾಗದ ತರಿಸಿ, ರಾಯರು ಚೆಕ್ಕು ಬರೆಸಿಕೊಟ್ಟರು. ಮರುವರ್ಷ ಆಸಾಮಿ ಮುಂಬಯಿಯಿಂದ ಸೂಟ್‌ಕೇಸ್ ಹಿಡಿದು ಬಸ್ಸಿಳಿದ. ಅಷ್ಟು ವರ್ಷವೂ ಯಾವುದೋ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದನಂತೆ. ಹೆಂಡತಿ ಆ ಹಣದಲ್ಲಿ ಎರಡು ಸೀಮೆಹಸು ಕೊಂಡಿದ್ದಳು, ಮಗಳ ಮದುವೆಯನ್ನೂ ಮುಗಿಸಿದ್ದಳು. ಹಣ ವಾಪಸು ಪಡೆಯುವ ಪತ್ರವ್ಯವಹಾರ ರಾಯರ ತಲೆಗೂದಲನ್ನು ಬಲಿ ತೆಗೆದುಕೊಂಡಿತು. “ಅವನು ಬದುಕಿದ್ದಕ್ಕೆ ನಾನು ಮೆಮೋ ತಗೊಂಡೆ” ಎಂದು ಈಗಲೂ ಹೇಳುತ್ತಾರೆ.

ಇಂಥವರು ಸೂಪರ್‌ಹೀರೋ ಸಿನಿಮಾದ ಮುಂದುವರಿದ ಭಾಗ ನೋಡಲು ಯಾಕೆ ಹೋಗಬೇಕು? ಮೊಮ್ಮಗನನ್ನು ಕರೆದುಕೊಂಡು ಹೋಗಲು ಎನ್ನುವುದು ಅಧಿಕೃತ ಕಾರಣ. ಆದರೆ 2024ರಲ್ಲಿ ‘ಡೆಡ್‌ಪೂಲ್ ಅಂಡ್ ವುಲ್ವರೀನ್’ಗೆ ‘ಎ’ ಸರ್ಟಿಫಿಕೇಟು ಸಿಕ್ಕಿ ಮೊಮ್ಮಗ ಮನೆಯಲ್ಲೇ ಉಳಿದಾಗ ರಾಯರು ಒಬ್ಬರೇ ಹೋಗಿಬಂದರು. ಹುಡುಗರು ನೋಡುವಂಥದ್ದೋ ಅಲ್ಲವೋ ಎಂದು ಪರಿಶೀಲಿಸಲಿಕ್ಕೆ ಹೋಗಿದ್ದಂತೆ. ಸೆನ್ಸಾರ್ ಮಂಡಳಿ ಆ ಕೆಲಸವನ್ನು ಆಗಲೇ ಮಾಡಿತ್ತಲ್ಲ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. 2017ರ ‘ಲೋಗನ್’ನಲ್ಲಿ ಸತ್ತು ಮಣ್ಣಾದ ವುಲ್ವರೀನ್‌ನನ್ನು ಇದರಲ್ಲಿ ಅಗೆದು ತೆಗೆದು, ಅವನ ಮೂಳೆಗಳನ್ನೇ ಆಯುಧ ಮಾಡಿಕೊಂಡು ಹೊಡೆದಾಡುತ್ತಾರೆ. ರಾಯರು ಸೀದಾ ನಮ್ಮ ಮನೆಗೇ ಬಂದರು. “ಹೂತ ಹೆಣ ತೆಗೀಬೇಕಾದ್ರೆ ತಹಶೀಲ್ದಾರ್ ನಿಂತಿರಬೇಕು, ಪಂಚನಾಮೆ ಆಗಬೇಕು. ಇವನು ಗುದ್ದಲಿ ಹಿಡಕೊಂಡು ಹೋಗಿಬಿಟ್ಟ!” ಆ ಗಾಬರಿಗೆ ನಾವು ಕಾಫಿ ಕೊಡಬೇಕಾಯಿತು.

ಹಳೆಯ ಫೈಲುಗಳೂ ಅವರಿಗೆ ಬಾಯಿಪಾಠ. 1978ರ ‘ಸೂಪರ್‌ಮ್ಯಾನ್’ ಭೂಮಿಯನ್ನು ಗಿರಗಿರ ಸುತ್ತಿ ಕಾಲವನ್ನು ಹಿಂದಕ್ಕೆ ತಿರುಗಿಸಿ, ಸತ್ತ ಲೋಯಿಸ್ ಲೇನ್‌ಳನ್ನು ಎಬ್ಬಿಸಿದಾಗಲೇ ಇದು ಕೆಟ್ಟ ಪೂರ್ವನಿದರ್ಶನವೆಂದು ಅವರಿಗೆ ಅನ್ನಿಸಿತ್ತಂತೆ. ಸ್ಪೈಡರ್‌ಮ್ಯಾನ್‌ನ ಚಿಕ್ಕಪ್ಪ ಬೆನ್ 2002ರಲ್ಲಿ ತೀರಿಕೊಂಡ, ನಟರನ್ನೆಲ್ಲ ಬದಲಿಸಿ ಹೊಸದಾಗಿ ಶುರುಮಾಡಿದ 2012ರ ಸಿನಿಮಾದಲ್ಲಿ ಇನ್ನೊಮ್ಮೆ ತೀರಿಕೊಂಡ. “ಒಂದು ಜೀವಕ್ಕೆ ಎರಡು ಕ್ಲೇಮು.” ಬ್ಯಾಟ್‌ಮ್ಯಾನ್‌ನ ತಂದೆತಾಯಿಯಂತೂ 2005, 2016, 2019 ಎಂದು ನಾಟಕವನ್ನೋ ಸಿನಿಮಾವನ್ನೋ ಮುಗಿಸಿಕೊಂಡು ಅದೇ ಸಂದಿಗೆ ನುಗ್ಗಿ ಗುಂಡೇಟು ತಿನ್ನುತ್ತಲೇ ಇದ್ದಾರೆ. ರಾಯರು ಸಿನಿಮಾ ಮುಗಿದ ಕೂಡಲೇ ದೊಡ್ಡ ರಸ್ತೆಗೆ ಬಂದು ಆಟೋ ಹಿಡಿಯುವುದಕ್ಕೆ ಇದೇ ಕಾರಣ. ಹಲ್ಕ್ 2003ರಲ್ಲಿ ಒಬ್ಬ, 2008ರಲ್ಲಿ ಇನ್ನೊಬ್ಬ, 2012ರಲ್ಲಿ ಮಗದೊಬ್ಬ. ‘ಐರನ್ ಮ್ಯಾನ್ 2’ರಲ್ಲಿ ನಾಯಕನ ಆಪ್ತಮಿತ್ರನ ಮುಖವೇ ಬದಲಾಗಿ, ಯಾರೂ ಅದನ್ನು ಗಮನಿಸದವರಂತೆ ಮಾತಾಡಿಕೊಂಡಿರುತ್ತಾರೆ. ನಮ್ಮ ಧಾರಾವಾಹಿಯವರಾದರೂ ‘ಇನ್ನು ಮುಂದೆ ಈ ಪಾತ್ರದಲ್ಲಿ’ ಎಂದು ಕೆಳಗೊಂದು ಸಾಲು ಹಾಕುತ್ತಾರೆ. ಇವರಲ್ಲಿ ಕೆವೈಸಿಯೇ ಇಲ್ಲ.

ಆದರೆ ರಾಯರ ನಿಜವಾದ ಗಾಯ ಬೇರೆ. ಅದು ‘ಅವೆಂಜರ್ಸ್’ ಸಿನಿಮಾಗಳದು.

2018ರ ‘ಇನ್‌ಫಿನಿಟಿ ವಾರ್’ನಲ್ಲಿ ಖಳನಾಯಕ ಥ್ಯಾನೋಸ್ ಚಿಟಿಕೆ ಹೊಡೆದು ವಿಶ್ವದ ಅರ್ಧ ಜೀವಗಳನ್ನು ಬೂದಿ ಮಾಡಿದಾಗ ಥಿಯೇಟರಿನಲ್ಲಿ ಮಕ್ಕಳು ಅತ್ತವು. ರಾಯರು ಬೆವರಿದರು. ಅರ್ಧ ವಿಶ್ವ, ಒಂದೇ ದಿನ, ಎಲ್ಲ ಫೈಲೂ ಒಂದೇ ಟೇಬಲ್ಲಿಗೆ! ಮರುವರ್ಷದ ‘ಎಂಡ್‌ಗೇಮ್’ 181 ನಿಮಿಷದ್ದು. ರಾಯರು ಸ್ವೆಟರಿನೊಳಗೆ ಕೋಡುಬಳೆ ಅಡಗಿಸಿಕೊಂಡು ಹೋಗಿದ್ದರು. ಕಥೆಯಲ್ಲಿ ಐದು ವರ್ಷ ಕಳೆದು, ಬೂದಿಯಾದವರೆಲ್ಲ ಬಾಗಿಲು ತೆರೆದಂತೆ ಸಾಲುಸಾಲಾಗಿ ಬಂದರು. ಇಡೀ ಥಿಯೇಟರ್ ಎದ್ದು ಸಿಳ್ಳೆ ಹೊಡೆಯಿತು. ರಾಯರು ಮೊಮ್ಮಗನ ಕಿವಿಯಲ್ಲಿ ಹೇಳಿದ್ದು ಇಷ್ಟು: “ಐದೇ ವರ್ಷ ನೋಡು, ಏಳಾಗೋಕೆ ಬಿಟ್ಟಿಲ್ಲ. ಹೆಣ ಇಲ್ಲ, ಏಳು ವರ್ಷ ಆಗಿಲ್ಲ, ಒಂದು ಪೈಸೆ ಕೊಡೋ ಹಾಗಿಲ್ಲ. ಇದರ ಹಿಂದೆ ಇನ್ಶೂರೆನ್ಸ್‌ನವರ ಕೈ ಇದೆ.”

ಅಂಥವರು ಕೊನೆಯಲ್ಲಿ ಐರನ್ ಮ್ಯಾನ್ ಟೋನಿ ಸ್ಟಾರ್ಕ್ ಸತ್ತಾಗ ಮೆತ್ತಗಾದರು. ಸರೋವರದ ದಂಡೆಯಲ್ಲಿ ಅಂತ್ಯಕ್ರಿಯೆ, ಸುತ್ತ ಅಷ್ಟೂ ಜನ ಕಪ್ಪು ಬಟ್ಟೆಯಲ್ಲಿ ನಿಂತಿದ್ದಾರೆ. “ಸಾಕ್ಷಿ ಇದ್ದಾರೆ, ನಾಮಿನಿ ಇದ್ದಾಳೆ, ಪಾಪ, ಒಂದು ಹೆಣ್ಮಗು ಬೇರೆ. ಇಷ್ಟು ಕ್ಲೀನಾದ ಫೈಲು ನಾನು ಸರ್ವೀಸಲ್ಲೇ ನೋಡ್ಲಿಲ್ಲ” ಎಂದರು. ಧ್ವನಿ ಸ್ವಲ್ಪ ನಡುಗುತ್ತಿತ್ತು ಎಂದು ಮೊಮ್ಮಗ ಹೇಳುತ್ತಾನೆ. ಕ್ಯಾಪ್ಟನ್ ಅಮೆರಿಕಾ ಮುದುಕನಾಗಿ ಬೆಂಚಿನ ಮೇಲೆ ಕೂತಿದ್ದೂ ಅವರಿಗೆ ಹಿಡಿಸಿತು. ಪಾಲಿಸಿ ಪೂರ್ಣಾವಧಿಗೆ ಮುಟ್ಟಿದೆ, ಬೋನಸ್ ಸಮೇತ. ಮಾರ್ವೆಲ್‌ನ ಸಿನಿಮಾ ಎಂದಮೇಲೆ ಹೆಸರುಗಳೆಲ್ಲ ಹೋಗಿ ಮುಗಿದ ಮೇಲೆ ಬಾಲದಂತೆ ಒಂದು ದೃಶ್ಯ ಇರುವುದು ವಾಡಿಕೆ. ಅಂದು ಇರಲಿಲ್ಲ. ಕಸಗುಡಿಸುವವರು ಬಂದು ನಿಂತರೂ ಅಲ್ಲಾಡದೆ ಕೂತಿದ್ದ ರಾಯರಿಗೆ ಕತ್ತಲೆಯಲ್ಲಿ ಕೇಳಿಸಿದ್ದು ಸುತ್ತಿಗೆಯ ಠಣ್ ಠಣ್ ಸದ್ದೊಂದೇ. ಟೋನಿ ಮೊದಲ ಸಿನಿಮಾದಲ್ಲಿ ಗುಹೆಯೊಳಗೆ ಕವಚ ಬಡಿಯುತ್ತಿದ್ದ ಸದ್ದದು ಎಂದು ಮೊಮ್ಮಗ ವಿವರಿಸಿದ. “ಅಲ್ವೋ, ಪೆಟ್ಟಿಗೆಗೆ ಮೊಳೆ ಹೊಡೀತಿದಾರೆ. ಹೊಡೀಲಿ, ಭದ್ರವಾಗಿ ಹೊಡೀಲಿ” ಎಂದರು ರಾಯರು.

ಐದು ವರ್ಷ ನೆಮ್ಮದಿಯಾಗಿದ್ದರು. 2024ರ ಜುಲೈನಲ್ಲಿ ಸ್ಯಾನ್ ಡಿಯೇಗೋದ ಕಾಮಿಕ್-ಕಾನ್ ವೇದಿಕೆಯ ಮೇಲೆ ಹಸಿರು ನಿಲುವಂಗಿ ತೊಟ್ಟವನೊಬ್ಬ ಮುಖವಾಡ ತೆಗೆದ. ಒಳಗಿದ್ದವನು ಟೋನಿ ಸ್ಟಾರ್ಕ್ ಆಗಿದ್ದ ಅದೇ ರಾಬರ್ಟ್ ಡೌನಿ ಜೂನಿಯರ್. ಮುಂದಿನ ಅವೆಂಜರ್ಸ್‌ನಲ್ಲಿ ಅವನೇ ಖಳನಾಯಕ ಡಾಕ್ಟರ್ ಡೂಮ್ ಅಂತೆ. ಮೊಮ್ಮಗ ಫೋನಿನಲ್ಲಿ ವಿಡಿಯೊ ತೋರಿಸಿದ. ರಾಯರು ಆ ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದರು. ಇವನು ಅವನಲ್ಲ ತಾತ, ಬೇರೆಯವನು, ಎಂದು ಹುಡುಗ ಎಷ್ಟು ಹೇಳಿದರೂ ಕೇಳಲಿಲ್ಲ. “ಅದೇ ಮುಖ, ಬೇರೆ ಹೆಸರು. ನಮ್ಮಲ್ಲಿ ಇದಕ್ಕೆ ನಾನ್ನೂರಾ ಇಪ್ಪತ್ತು ಅಂತಾರೆ.”

ರಾಯರ ಹೆಂಡತಿಗೆ ಅಡುಗೆಮನೆಯಲ್ಲಿದ್ದೇ ಎಲ್ಲ ಕೇಳಿಸುತ್ತದೆ. “ಬಭ್ರುವಾಹನ ನೋಡುವಾಗ ಈ ಕಾನೂನು ಎಲ್ಲಿ ಹೋಗಿತ್ತೋ? ಅಪ್ಪನೂ ರಾಜ್‌ಕುಮಾರೇ, ಮಗನೂ ರಾಜ್‌ಕುಮಾರೇ. ಸತ್ತ ಅರ್ಜುನ ಎದ್ದು ಕೂರ್ಲಿಲ್ವೆ?” ಬೇರೆಯವರಾಗಿದ್ದರೆ ಸೋಲೊಪ್ಪಿಕೊಳ್ಳುತ್ತಿದ್ದರು. ರಾಯರು ಕನ್ನಡಕ ಒರೆಸಿ ಹಾಕಿಕೊಂಡರು. “ಅರ್ಜುನ ಎದ್ದಿದ್ದು ರಣರಂಗದಲ್ಲೇ. ದಹನ ಆಗಿರಲಿಲ್ಲ, ಸರ್ಟಿಫಿಕೇಟ್ ಹೊರಟಿರಲಿಲ್ಲ. ಅದು ಕ್ಲೇಮೇ ಅಲ್ಲ, ಬರೀ ಆಸ್ಪತ್ರೆ ಬಿಲ್ಲು.” ಉಸಿರು ತೆಗೆದುಕೊಂಡು ಮುಂದುವರಿಸಿದರು. “ಆಶ್ರಮವಾಸಿಕ ಪರ್ವದಲ್ಲಿ ವ್ಯಾಸರು ಏನು ಮಾಡಿದ್ರು? ಸತ್ತ ಕೌರವರನ್ನೆಲ್ಲ ಗಂಗೆಯಿಂದ ಎಬ್ಬಿಸಿ ಗಾಂಧಾರಿಗೆ ತೋರಿಸಿದ್ರು. ಎಷ್ಟು ಹೊತ್ತು? ಒಂದು ರಾತ್ರಿ! ಬೆಳಗಾಗೋದ್ರೊಳಗೆ ಎಲ್ಲರೂ ವಾಪಸ್. ದುರ್ಯೋಧನನಿಗೆ ಮುಂದಿನ ಭಾಗದಲ್ಲಿ ಬೇರೆ ಪಾತ್ರ ಕೊಟ್ರಾ?”

ಈ ಒಂದು ಮಾತಿನಲ್ಲಿ ನಾನು ರಾಯರ ಪಕ್ಷ. ಸರೋವರದ ದಂಡೆಯಲ್ಲಿ ನಾವೆಲ್ಲ ದುಡ್ಡು ಕೊಟ್ಟೇ ಅತ್ತದ್ದು. ಅವನು ಅದೇ ಮುಖ ಹೊತ್ತು ತಿರುಗಿ ಬರುವುದಾದರೆ ಆ ಅಳುವನ್ನು ಯಾವ ಲೆಕ್ಕಕ್ಕೆ ಬರೆಯಬೇಕು?

‘ಅವೆಂಜರ್ಸ್: ಡೂಮ್ಸ್‌ಡೇ’ 2026ರ ಡಿಸೆಂಬರ್ 18ಕ್ಕೆ ಎಂದು ಗೊತ್ತುಮಾಡಿದ್ದಾರೆ. ಈ ಸಲ ಬಹಿಷ್ಕಾರವಂತೆ, ನಿಜವೇ ಎಂದು ರಾಯರನ್ನು ಕೇಳಿದೆ. ಆಗಲೇ ಪಂಚಾಂಗ ತೆಗೆದಿದ್ದರು. “ಧನುರ್ಮಾಸ ಕಣ್ರೀ. ಹೇಗಿದ್ರೂ ನಾಲ್ಕಕ್ಕೆ ಏಳ್ತೀವಿ. ದೇವಸ್ಥಾನದಲ್ಲಿ ಹುಗ್ಗಿ ತಿಂದು ಹೊರಟ್ರೆ ಆರು ಗಂಟೆ ಷೋಗೆ ಸರಿಹೋಗುತ್ತೆ. ಮಧ್ಯದ ಸಾಲು ಬೇಡ, ದಾರಿ ಪಕ್ಕದ ಸೀಟು ಹೇಳಿ. ಕೋಪ ಬಂದ್ರೆ ಎದ್ದು ಬರೋಕೆ ಅನುಕೂಲ.”