ಓಟಿ ರಿಜಿಸ್ಟರಿನ ಸನ್ನಿಧಿಯಲ್ಲಿ

ಬೆಂಗಳೂರಿನ ಹೊರವಲಯದ ಸಿದ್ಧ ಉಡುಪಿನ ಕಾರ್ಖಾನೆಯೊಂದರ ಕಚೇರಿಯಲ್ಲಿ, ದೇವರ ಪಟದ ಕೆಳಗಣ ಗಾಜಿನ ಬೀರುವಿನೊಳಗೆ, ಕೆಂಪು ಬಟ್ಟೆಯ ಬೆನ್ನುಪಟ್ಟಿಯನ್ನು ಧರಿಸಿ, ಊದುಬತ್ತಿಯ ಧೂಮವನ್ನು ಸೇವಿಸುತ್ತ ವಿರಾಜಮಾನರಾಗಿರುವ ಓಟಿ ರಿಜಿಸ್ಟರು ಮಹಾಶಯರು, ಹೊಲಿಗೆಯಂತ್ರಗಳ ಗದ್ದಲವಿನ್ನೂ ಅಡಗದಿದ್ದ ಒಂದು ರಾತ್ರಿ ನಮಗೆ ದರ್ಶನವಿತ್ತರು. ಅವರ ಮೈಮೇಲೆ ಒಂದು ಕಲೆಯಾಗಲಿ ಮಡಿಕೆಯಾಗಲಿ ಇರಲಿಲ್ಲ. ಲೆಕ್ಕದ ಪುಸ್ತಕಕ್ಕೆ ಇದು ಅಷ್ಟೇನೂ ಒಳ್ಳೆಯ ಲಕ್ಷಣವಲ್ಲ.

— ತಮ್ಮ ಕುಲಗೋತ್ರ?

— 1948ರ ಕಾರ್ಖಾನೆಗಳ ಕಾಯಿದೆಯ ವಂಶ. ದಿನಕ್ಕೆ 9 ಗಂಟೆಯನ್ನಾಗಲಿ ವಾರಕ್ಕೆ 48 ಗಂಟೆಯನ್ನಾಗಲಿ ಮೀರಿ ದುಡಿದವರಿಗೆ, ಮೀರಿದ ಹೊತ್ತಿಗೆಲ್ಲ ಮಾಮೂಲು ದರದ ಎರಡರಷ್ಟು ಕೂಲಿ ಸಲ್ಲತಕ್ಕದ್ದೆಂದು ಅದರ 59ನೆಯ ಕಲಮು ವಿಧಿಸಿತು. ಅದನ್ನು ಬರೆದಿಡಲು ನನ್ನ ಅವತಾರವಾಯಿತು. 2025ರ ನವೆಂಬರಿನಲ್ಲಿ ಕಾಯಿದೆ ಹೋಗಿ ಕಾರ್ಮಿಕ ಸಂಹಿತೆ ಬಂದರೂ, ಎರಡರಷ್ಟೆಂಬ ಮಾತು ಹೋಗಿಲ್ಲ.

— ಹಾಗಾದರೆ ತಮ್ಮ ಪುಟಗಳು ತುಂಬಿ ತುಳುಕುತ್ತಿರಬೇಕು.

— ಶಾಂತಂ ಪಾಪಂ! ಮೀರಿದ ಗಂಟೆಯೊಂದೂ ನನ್ನನ್ನು ಈವರೆಗೆ ಮುಟ್ಟಿಲ್ಲ. ತಿಂಗಳ ಕೊನೆಗೆ ಗುಮಾಸ್ತರು ಒಂದೇ ಸಲ ಕುಳಿತು, ಒಂದೇ ಪೆನ್ನಿನಲ್ಲಿ, ಮೂವತ್ತು ದಿನಕ್ಕೂ ‘ನಿಲ್’ ಎಂದು ಬರೆದು ಗೆರೆಯೆಳೆಯುತ್ತಾರೆ.

— ಕೆಳಗೆ ಯಂತ್ರಗಳು ಓಡುತ್ತಿವೆಯಲ್ಲ?

— ಅದು ಓಟಿಯಲ್ಲ ಸ್ವಾಮಿ, ಟಾರ್ಗೆಟ್ಟು. ಗಂಟೆಗೆ ಇಷ್ಟು ಕಾಲರೆಂದು ಗೊತ್ತುಮಾಡಿದ ಮೇಲೆ ಉಳಿದದ್ದು ಹೊಲಿಯುವ ಹೆಂಗಸರ ಸಾಲ. ಸಾಲ ತೀರಿಸುವವರಿಗೆ ಕೂಲಿ ಕೊಡುವ ಪದ್ಧತಿ ಯಾವ ಊರಿನಲ್ಲುಂಟು?

ಅಷ್ಟರಲ್ಲಿ ಮೇಜಿನ ಖಾನೆಯೊಳಗೆ ಯಾರೋ ಕೆಮ್ಮಿದಂತಾಯಿತು. ಎಳೆದು ನೋಡಿದರೆ, ಶಾಲೆಯ ಮಕ್ಕಳ ಒಂದು ನೋಟುಬುಕ್ಕು: ರಟ್ಟಿನ ಮೇಲೆ ಯಂತ್ರದೆಣ್ಣೆಯ ಜಿಡ್ಡು, ಪಿನ್ನಿಗೆ ಸಿಕ್ಕಿಕೊಂಡ ನೀಲಿ ನೂಲು, ಒಳಗೆ ಹೆಂಗಸರ ಹೆಸರುಗಳ ಮುಂದೆ ಪೆನ್ಸಿಲಿನಲ್ಲಿ 2, 3, 2½.

— ಇವರಾರು?

— ನಮ್ಮ ಕಚ್ಚಾ ದಾಯಾದಿ. ಇನ್‌ಸ್ಪೆಕ್ಟರು ಬಂದ ದಿನ ಗುಮಾಸ್ತರ ಊಟದ ಚೀಲ ಸೇರುತ್ತಾನೆ. ಆರ್ಡರಿಲ್ಲದ ದಿನ ಹೆಂಗಸರನ್ನು ಮನೆಗೆ ಕಳಿಸಿ, ಗಂಟೆಗೆ ಗಂಟೆ ವಜಾ ಹಾಕಿಕೊಳ್ಳುವುದಕ್ಕೆ ಮಾತ್ರ ಅವನು ಬೇಕು.

ನೋಟುಬುಕ್ಕು ಮೆಲ್ಲನೆ ಹೇಳಿತು: “ಎಂಟು ಗಂಟೆಗೆ 480 ರೂಪಾಯಿಯೆಂದರೆ ಗಂಟೆಗೆ 60, ಮೀರಿದ ಮೂರು ಗಂಟೆಗೆ 360 ಆಗಬೇಕು. ನನ್ನಲ್ಲಿ ಬರೆದಿರುವುದು, ಬನ್ನು 1, ಟೀ ½.”

— ಎರಡರಷ್ಟು ಬೇಡ, ಒಂದಕ್ಕೆ ಒಂದೇ ಸಾಕೆಂದು ಯಜಮಾನರು ಬಹಿರಂಗವಾಗಿಯೇ ವಾದಿಸಬಾರದೆ?

— 2020ರಲ್ಲಿ, ಕೊರೋನಾದ ನೆಪದಲ್ಲಿ, ಗುಜರಾತಿನ ಸರ್ಕಾರ ಹಾಗೆಂದು ಅಧಿಸೂಚನೆ ಹೊರಡಿಸಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ನಮ್ಮ ಯಜಮಾನರು ಕಾನೂನಿನ ತಂಟೆಗೇ ಹೋಗುವವರಲ್ಲ, ಬೀರುವಿನಲ್ಲಿಟ್ಟು ಪೂಜಿಸುತ್ತಾರೆ.

— ಆ ಗುಮಾಸ್ತರಿಗಾದರೂ ಓಟಿ ಉಂಟೆ?

— ಕಳೆದ ಯುಗಾದಿಗೆ ಅವರನ್ನು ಸೂಪರ್‌ವೈಸರ್ ಮಾಡಿದರಲ್ಲ! ಸಂಬಳ ಹಿಂದಿನದೇ, ಮೇಲ್ವಿಚಾರಕರಿಗೆ ಓಟಿ ಅನ್ವಯಿಸುವುದಿಲ್ಲವಂತೆ.

ಬಾಗಿಲು ಸರಿಯಿತು. ಗುಮಾಸ್ತರು ಒಳಬಂದು, ಬೀರು ತೆರೆದು, ಬೆರಳಿಗೆ ಎಂಜಲು ಹಚ್ಚಿ ತಿಂಗಳ ಪುಟವನ್ನು ಮಗುಚಿದರು. ಗೋಡೆಯ ಗಡಿಯಾರದಲ್ಲಿ ಒಂಬತ್ತೂಕಾಲು.