ಬೇಸ್ ಗಿಟಾರ್ ವರ್ಣನಿರ್ಣಯ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಈ ನಾಲ್ಕನ್ನೂ ಮೊದಲೇ ಹೇಳಿಬಿಡುವುದು ಪದ್ಧತಿ. ವಿಷಯ: ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಿನಲ್ಲಿ, ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡು ಮೇಲೆ ಬಂದ ಲಿಯೋ ಫೆಂಡರ್ ಅವರು 1951ರಿಂದ ಮಾಡಿಸಿದ ಎಲೆಕ್ಟ್ರಿಕ್ ಬೇಸ್ ಗಿಟಾರುಗಳ ಮೈಬಣ್ಣ. ಪ್ರಯೋಜನ: ಮಾರುವವನಿಗೆ ಲಾಭ, ಕೊಳ್ಳುವವನಿಗೆ ಸಾಲ, ಪಂಡಿತನಿಗೆ ಕೀರ್ತಿ. ಸಂಬಂಧ: ಬಣ್ಣಕ್ಕೂ ಬೆಲೆಗೂ ಇರುವುದು. ಅಧಿಕಾರಿ: ಭೂತಗನ್ನಡಿ, ನೇರಳಾತೀತ ದೀಪ, ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡ ಯಾರಾದರೂ. ನುಡಿಸಲು ಬರುವವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲವೆಂದು ವಾದಿಸುವವರೂ ಇದ್ದಾರೆ. ಅಷ್ಟು ನಿಷ್ಠುರರಾಗಲು ನಮಗೆ ಮನಸ್ಸಿಲ್ಲ. ಮೂಲಪುರುಷರಾದ ಲಿಯೋ ಅವರಿಗೇ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದನ್ನಷ್ಟೇ ಸಭೆಯ ಗಮನಕ್ಕೆ ತಂದು ಮುಂದುವರಿಯುತ್ತೇವೆ.

ಆದಿಯಲ್ಲಿ ಬಣ್ಣ ಒಂದೇ. ಪ್ರಿಸಿಷನ್ ಎಂಬ ಹೆಸರಿನ ಮೊದಲ ಬೇಸುಗಳು ಮರದ ಎಳೆ ಕಾಣುವಂಥ ತಿಳಿಹಳದಿ ಲ್ಯಾಕರ್ ಹೊದ್ದು, ಎದೆಗೆ ಪಿಕ್‌ಗಾರ್ಡ್ ಎಂಬ ಕಪ್ಪು ಫಲಕ ಕಟ್ಟಿಕೊಂಡು ಬಂದವು. 1954ರ ಹೊತ್ತಿಗೆ ನಡುವೆ ಹಳದಿ, ಅಂಚಿಗೆ ಕಪ್ಪು ಇರುವ ಸನ್‌ಬರ್ಸ್ಟ್ ಬಂತು. 1958ರಲ್ಲಿ ಆ ಎರಡರ ನಡುವೆ ಕೆಂಪನ್ನೂ ಸೇರಿಸಿದರು. ಸೇರಿಸಿದ ಹೊಸದರಲ್ಲಿ ಆ ಕೆಂಪಿಗೆ ಬಿಸಿಲು ತಡೆಯುವ ಶಕ್ತಿ ಇರಲಿಲ್ಲ. ಕೆಲವು ವರ್ಷಗಳಲ್ಲಿ ಮಾಸಿ, ಮೂರು ಬಣ್ಣದ ಬೇಸು ಮತ್ತೆ ಎರಡು ಬಣ್ಣದ್ದಾಗಿ ಕಾಣತೊಡಗಿತು. ಕಣ್ಣಿಗೆ ಕಾಣದ ಕೆಂಪನ್ನು ಪಿಕ್‌ಗಾರ್ಡ್ ಬಿಚ್ಚಿ ತೋರಿಸುವುದೇ ಈ ಶಾಸ್ತ್ರದ ವಿದ್ಯಾರ್ಥಿಗೆ ಒಡ್ಡುವ ಮೊದಲ ಪರೀಕ್ಷೆ.

ಸನ್‌ಬರ್ಸ್ಟ್ ಬೇಡ, ಬೇರೆ ಬಣ್ಣ ಬೇಕು ಎಂದವರಿಂದ ಕಂಪನಿ ನೂರಕ್ಕೆ ಐದರಂತೆ ಹೆಚ್ಚು ತೆಗೆದುಕೊಳ್ಳುತ್ತಿತ್ತು. 1960ರಲ್ಲಿ ಹೊಸದಾಗಿ ಬಂದ ಜಾಝ್ ಬೇಸಿನ ಬೆಲೆ 279.50 ಡಾಲರ್; ಬಣ್ಣದ ಆಸೆಗೆ ಇನ್ನೊಂದು 14 ಡಾಲರ್ ಎಂದಿಟ್ಟುಕೊಳ್ಳಿ. ಬಳಿಯುತ್ತಿದ್ದದ್ದು ಡ್ಯುಪಾಂಟ್ ಕಂಪನಿಯ ಕಾರಿನ ಪೇಂಟು. ಹೀಗಾಗಿ ಪ್ರತಿ ಬಣ್ಣಕ್ಕೂ ಒಂದು ಗೋತ್ರವಿದೆ: ಲೇಕ್ ಪ್ಲಾಸಿಡ್ ಬ್ಲೂ ಕ್ಯಾಡಿಲಾಕ್ ಗೋತ್ರ, ಫೋಮ್ ಗ್ರೀನ್ ಬ್ಯುಕ್ ಗೋತ್ರ, ಬರ್ಗಂಡಿ ಮಿಸ್ಟ್ ಓಲ್ಡ್ಸ್‌ಮೊಬೀಲ್, ಫಿಯೆಸ್ಟಾ ರೆಡ್ ಫೋರ್ಡ್ ಥಂಡರ್‌ಬರ್ಡ್. ಡಿಸೋಟೊ ಗೋತ್ರದ ಶೆಲ್ ಪಿಂಕ್ ಎಂಬ ಗುಲಾಬಿಯನ್ನು 1963ರಲ್ಲಿ ಪಟ್ಟಿಯಿಂದಲೇ ಕೈಬಿಟ್ಟು ಆ ಜಾಗಕ್ಕೆ ಕ್ಯಾಂಡಿ ಆಪಲ್ ರೆಡ್ ತಂದರು. ಆಗ ಕೇಳುವವರಿಲ್ಲದೆ ಸಿಕ್ಕಾಪಟ್ಟೆ ಕಡಿಮೆ ತಯಾರಾದದ್ದು ಈಗ ಕಂಡಕಂಡವರಿಗೆಲ್ಲ ಬೇಕು. ಯಾರಿಗೂ ಬೇಡವಾಗಿದ್ದದ್ದೇ ಅಪರೂಪದ್ದು ಎಂಬ ಈ ನಿಯಮ ಸೂತ್ರರೂಪದಲ್ಲಿ ಗೋಡೆಗೆ ತೂಗುಹಾಕಲು ಯೋಗ್ಯ.

ಇನ್ನು ಮಡಿ ಮೈಲಿಗೆಯ ವಿಚಾರ. ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಮಡಿ. ಆಮೇಲೆ ಯಾರೇ ಹೊಡೆದರೂ, ಎಷ್ಟೇ ಚೆನ್ನಾಗಿ ಹೊಡೆದರೂ ವರ್ಣಸಂಕರ. ವ್ಯಾಪಾರದ ರೂಢಿಯಂತೆ ಬೆಲೆ ಅರ್ಧಕ್ಕಿಳಿಯುತ್ತದೆ. ಮಡಿಯನ್ನು ಪರೀಕ್ಷಿಸುವುದು ಮೊಳೆಯ ತೂತಿನಿಂದ. ಆಗೆಲ್ಲ ಮರದ ಮೈಗೆ ಸಣ್ಣ ಮೊಳೆಗಳನ್ನು ಹೊಡೆದು, ಬಣ್ಣ ಊದಿದ ಮೇಲೆ ಅದೇ ಮೊಳೆಗಳನ್ನು ಕಾಲು ಮಾಡಿ, ಬೋರಲಾಗಿ ಒಣಗಲು ಇಡುತ್ತಿದ್ದರು. ಒಣಗಿದ ಮೇಲೆ ಮೊಳೆ ಕಿತ್ತರೆ ಉಳಿಯುವ ತೂತಿನೊಳಗೆ ಬರಿಯ ಮರ. ಆ ತೂತಿನೊಳಗೂ ಬಣ್ಣ ಇಳಿದಿದ್ದರೆ ಆಮೇಲೆ ಯಾರೋ ಬಳಿದಿದ್ದಾರೆಂದು ಅರ್ಥ. ಸಾಸಿವೆ ಹಿಡಿಸುವಷ್ಟು ತೂತಿಗೆ ಟಾರ್ಚು ಬಿಟ್ಟು, ಉಸಿರು ಬಿಗಿಹಿಡಿದು ಇಣುಕುವ ಆ ಗಳಿಗೆಯಲ್ಲಿ ಸಾವಿರಾರು ಡಾಲರ್ ತೂಗಾಡುತ್ತಿರುತ್ತದೆ. ಸಾಲದೆಂಬವರು ಕೋಣೆ ಕತ್ತಲು ಮಾಡಿ ನೇರಳಾತೀತ ದೀಪ ಹಿಡಿಯುತ್ತಾರೆ. ಹಳೆಯ ಲ್ಯಾಕರ್ ಹಸಿರು ಹಳದಿಯಾಗಿ ಮಿನುಗುತ್ತದೆ, ಈಚೆಗೆ ಸವರಿದ ತೇಪೆ ಕಪ್ಪಗೆ ಕಾಣುತ್ತದೆ. ಪ್ರತ್ಯಕ್ಷ, ಅನುಮಾನ ಎರಡೂ ಇಲ್ಲಿ ಮಾನ್ಯ. ಶಬ್ದಪ್ರಮಾಣವೆಂದರೆ ಮಾರುವವನ ಮಾತು. ಗಿಟಾರಿನ ಶಬ್ದವನ್ನು ಯಾರೂ ಪ್ರಮಾಣವಾಗಿ ಹಿಡಿದಿಲ್ಲ.

ಪೂರ್ವಪಕ್ಷವಿಲ್ಲದೆ ಶಾಸ್ತ್ರಕ್ಕೆ ಕಳೆಯಿಲ್ಲ. ಕೆಲವು ಫಿಯೆಸ್ಟಾ ರೆಡ್ ಗಿಟಾರುಗಳಲ್ಲಿ ಕೆಂಪು ಎದ್ದುಹೋದ ಕಡೆ ಕೆಳಗಿನಿಂದ ಸನ್‌ಬರ್ಸ್ಟ್ ಇಣುಕುತ್ತದೆ. ಇದು ಮೈಲಿಗೆಯೇ ಎಂದು ಪೂರ್ವಪಕ್ಷ. ಗಿಟಾರ್ ವಾದಕ ಹ್ಯಾಂಕ್ ಮಾರ್ವಿನ್ ಕೈಯಲ್ಲಿ ಫೆಂಡರ್ ಕಂಪನಿಯ ಕೆಂಪು ಸ್ಟ್ರಾಟೋಕ್ಯಾಸ್ಟರ್ ಗಿಟಾರ್ ಕಂಡ ಮೇಲೆ ಬ್ರಿಟನ್ನಿನ ಹುಡುಗರೆಲ್ಲ ಕೆಂಪೇ ಆಗಬೇಕೆಂದು ಹಟ ಹಿಡಿದರು. ಅಲ್ಲಿನ ಆಮದುದಾರರು ಬಂದಿಳಿದ ಸನ್‌ಬರ್ಸ್ಟ್‌ಗಳಿಗೇ ಕೆಂಪು ಹೊಡೆಸಿ ಮಾರಿದರು. ಸಿದ್ಧಾಂತಿಗಳು ಒಪ್ಪುವುದಿಲ್ಲ. ಸನ್‌ಬರ್ಸ್ಟ್ ಕೆಟ್ಟ ಮೈಯನ್ನು ಎಸೆಯಲು ಮನಸ್ಸಾಗದೆ ಅದರ ಮೇಲೆಯೇ ಗಾಢ ಬಣ್ಣ ಹೊಡೆಯುವ ರೂಢಿ ಫುಲ್ಲರ್ಟನ್ನಿನಲ್ಲೂ ಇತ್ತಲ್ಲ! ಅಂದರೆ ಮೇಲೆ ಅದೇ ಕೆಂಪು, ಕೆಳಗೆ ಅದೇ ಸನ್‌ಬರ್ಸ್ಟ್. ಕಡಲಿನ ಆ ಕಡೆ ಹೊಡೆದದ್ದಾದರೆ ಅರ್ಧ ಬೆಲೆ, ಈ ಕಡೆ ಹೊಡೆದದ್ದಾದರೆ ಒಂದಕ್ಕೆ ಎರಡು. ಸಮುದ್ರ ದಾಟಿದವರಿಗೆ ಪ್ರಾಯಶ್ಚಿತ್ತ ವಿಧಿಸುತ್ತಿದ್ದ ನಮ್ಮ ಹಿರಿಯರು ಇದನ್ನು ಕೇಳಿದ್ದರೆ ಭಲೆ ಎನ್ನುತ್ತಿದ್ದರು.

ಬಣ್ಣ ತಾನೇ ಮತಾಂತರವಾದರೆ? ಮೇಲಿನ ಪಾರದರ್ಶಕ ಲ್ಯಾಕರ್ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. ಅದರ ಕೆಳಗಿನ ನೀಲಿ ಹಸಿರಾಗುತ್ತದೆ, ಒಲಿಂಪಿಕ್ ವೈಟ್ ಬೆಣ್ಣೆಯ ಬಣ್ಣಕ್ಕೆ ಬರುತ್ತದೆ. ಪಿಕ್‌ಗಾರ್ಡಿನ ಅಡಿಯಲ್ಲಿ ಅವಿತ ಭಾಗ ಮಾತ್ರ ನೀಲಿಯಾಗಿಯೇ ಉಳಿದಿರುತ್ತದೆ. ಇಂಥದನ್ನು ಹಸಿರು ಎನ್ನುವವನು ಪಾಮರ, ನೀಲಿ ಎನ್ನುವವನು ಪಂಡಿತ. ಮನೆಯವರು ಹಸಿರೆಂದೇ ಕರೆಯುತ್ತಾರೆ, ಅದಕ್ಕೆ ಮದ್ದಿಲ್ಲ.

1965ರ ಜನವರಿಯಲ್ಲಿ ಸಿಬಿಎಸ್ ಸಂಸ್ಥೆ 1 ಕೋಟಿ 30 ಲಕ್ಷ ಡಾಲರ್ ಕೊಟ್ಟು ಫೆಂಡರನ್ನು ಕೊಂಡಿತು. ಕಲಿಯುಗ ಶುರುವಾದದ್ದು ಅಂದಿನಿಂದ ಎಂಬ ಬಗ್ಗೆ ಪಂಡಿತರಲ್ಲಿ ಭಿನ್ನಮತವಿಲ್ಲ. ಕಲಿಯುಗದ ಲಕ್ಷಣ ನೋಡಿ: 1968ರ ಟೆಲಿಕ್ಯಾಸ್ಟರ್ ಬೇಸಿಗೆ ಹೂಬಳ್ಳಿಯ ವಾಲ್‌ಪೇಪರ್ ಅಂಟಿಸಿ, ಅಂಚಿಗೆ ಬಣ್ಣ ಊದಿ, ಮೇಲೆ ಪಾರದರ್ಶಕ ಲೇಪ ಹೊಡೆದು ಪೇಸ್ಲಿ ರೆಡ್, ಬ್ಲೂ ಫ್ಲವರ್ ಎಂದು ಹೆಸರಿಟ್ಟರು. ಕೊರೊನಾಡೊ ಎಂಬ ಇನ್ನೊಂದು ಮಾದರಿಗೆ, ಬೀಚ್ ಮರ ಬೆಳೆದು ನಿಂತಿರುವಾಗಲೇ ಅದರೊಳಗೆ ಬಣ್ಣ ಇಳಿಸಿ, ಕಡಿದ ಮೇಲೆ ಎಳೆ ಎಳೆಯಲ್ಲೂ ಹಸಿರು, ನೀಲಿ ಕಾಣುವ ಹಲಗೆ ತಂದು ಮಾಡಿದರು. ಮಹಾಪಾತಕ ಎಂದು ಒಂದು ಕಾಲಕ್ಕೆ ಮೂಗು ಮುರಿದ ಪಂಡಿತರು ಈಗ ವಾಲ್‌ಪೇಪರು ಅಸಲಿಯೋ ನಕಲಿಯೋ ಎಂದು ಹೂವಿನ ಎಸಳು ಎಣಿಸುತ್ತಾ ಕೂತಿದ್ದಾರೆ.

ಒಂದು ಅಪವಾದವನ್ನೂ ಹೇಳಲೇಬೇಕು. ಮೊಟೌನ್ ಸಂಗೀತದ ಬೆನ್ನೆಲುಬಾದ ಜೇಮ್ಸ್ ಜೇಮರ್ಸನ್ ನುಡಿಸಿದ್ದು 1962ರ ಸನ್‌ಬರ್ಸ್ಟ್ ಪ್ರಿಸಿಷನ್, ಅಂದರೆ ಅತ್ಯಂತ ಸಾಮಾನ್ಯ ವರ್ಣದ್ದು. ತಂತಿಯನ್ನು ತುಂಡಾಗುವ ತನಕ ಬದಲಿಸುತ್ತಿರಲಿಲ್ಲ, ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು, ನೆಕ್ಕಿನ ಬುಡದಲ್ಲಿ ‘ಫಂಕ್’ ಎಂದು ಕೆತ್ತಿಕೊಂಡಿದ್ದರಂತೆ. 1983ರಲ್ಲಿ ಅವರು ತೀರಿಕೊಳ್ಳುವ ಸ್ವಲ್ಪ ಮೊದಲು ಅದು ಕಳುವಾಯಿತು. ಮುಂದೆಂದಾದರೂ ಸಿಕ್ಕಿದರೆ ಆ ಕೆತ್ತನೆಯನ್ನು ಪ್ರಕ್ಷಿಪ್ತವೆಂದು ಘೋಷಿಸಿ ಬೆಲೆ ಇಳಿಸಬೇಕೇ ಎಂಬುದನ್ನು ಈಗಲೇ ಇತ್ಯರ್ಥ ಮಾಡಿಕೊಂಡರೆ ಮುಂದಿನ ತಲೆಮಾರಿಗೆ ಅನುಕೂಲ.

ಕಡೆಯ ತೊಡಕು ಕಾಲನಿರ್ಣಯದ್ದು. ವಾಲ್ಯೂಮ್ ಕಂಟ್ರೋಲಿನ ಬೆನ್ನಿನ ಮೇಲೆ 3046320 ಎಂದಿದ್ದರೆ 304 ಎಂದರೆ ಸ್ಟಾಕ್‌ಪೋಲ್ ಕಂಪನಿ, 63 ಎಂದರೆ ವರ್ಷ, 20 ಎಂದರೆ ವಾರ. ಆದರೆ ಇಂಥ ಬಿಡಿಭಾಗಗಳು ರಾಶಿಗಟ್ಟಲೆ ಬಂದು ವರ್ಷಗಟ್ಟಲೆ ಡಬ್ಬದಲ್ಲಿ ಬಿದ್ದಿರುತ್ತಿದ್ದವು. ಬೇಸು ಅದಕ್ಕೂ ಮೊದಲು ಹುಟ್ಟಿದ್ದಲ್ಲ ಎನ್ನಬಹುದೇ ಹೊರತು ಆವಾಗಲೇ ಎನ್ನುವಂತಿಲ್ಲ. ಖಚಿತ ಶಾಸನವಿರುವುದು ನೆಕ್ಕಿನ ಬುಡದಲ್ಲಿ. 1962ರ ಮಾರ್ಚ್ ತನಕ ಪೆನ್ಸಿಲ್ ಬರಹ, ಆಮೇಲೆ ರಬ್ಬರ್ ಮುದ್ರೆ. ಮುದ್ರೆಯ ಮೊದಲ ಅಂಕಿ ತಾರೀಖಲ್ಲ, ನೆಕ್ಕಿನ ಮಾದರಿಯ ಗುರುತು. ಕೊನೆಯ ಅಕ್ಷರ ಅದರ ಅಗಲ. ಅಂಕಿಯನ್ನು ತಾರೀಖೆಂದು ಓದಿ ಬೇಸಿಗೆ ಜಾತಕ ಬರೆದುಕೊಟ್ಟ ಜೋಯಿಸರ ಲೆಕ್ಕದಲ್ಲಿ ಕಾರ್ಖಾನೆ ತಿಂಗಳಿಗೊಂದೇ ದಿನ ಕೆಲಸ ಮಾಡಿರಬೇಕು.

ಈ ಶಾಸನ ಓದಬೇಕಾದರೆ ನಾಲ್ಕು ಸ್ಕ್ರೂ ಬಿಚ್ಚಿ ನೆಕ್ ಕಳಚಬೇಕು. ಬಿಚ್ಚಿದರೆ ಸ್ಕ್ರೂ ತಲೆ ಸವೆದು ‘ಇದುವರೆಗೆ ಬಿಚ್ಚಿಲ್ಲ’ ಎಂಬ ಬಿರುದು ಹೋಗುತ್ತದೆ. ಬಿಚ್ಚದಿದ್ದರೆ ಯಾವ ವರ್ಷದ್ದೆಂದು ಗೊತ್ತಾಗದೆ ಬೆಲೆಯೇ ನಿಲ್ಲುವುದಿಲ್ಲ. ಕೊಳ್ಳುವವನು ಮೊದಲು ಬಿಚ್ಚಿ ಆಮೇಲೆ ದುಡ್ಡು ಎನ್ನುತ್ತಾನೆ, ಮಾರುವವನು ಮೊದಲು ದುಡ್ಡು ಆಮೇಲೆ ಬಿಚ್ಚಿಕೋ ಎನ್ನುತ್ತಾನೆ. ಸ್ಕ್ರೂಡ್ರೈವರ್ ಸದ್ಯಕ್ಕೆ ಮಧ್ಯಸ್ಥರ ಜೇಬಿನಲ್ಲಿದೆ.